ಬಲೆಯ ಹಿಂದಿನ ಬಾಯಿ

ದೊಡ್ಡ ಕ್ರೀಡಾಂಗಣಗಳಲ್ಲಿ ಬೈಗುಳ ಅಂದರೆ ಸಮುದ್ರದ ಮೊರೆತದ ಹಾಗಂತೆ. ಯಾರು ಏನಂದರು ಅಂತ ತಿಳಿಯುವುದೇ ಇಲ್ಲವಂತೆ. ಅಲ್ಲಿ ಆಡಿ ಬಂದವರು ಹೇಳುವ ಮಾತು. ನಮ್ಮ ಕೀಪರ್‌ಗೆ ಆ ಭಾಗ್ಯ ಬರಲಿಲ್ಲ. ಹದಿನೇಳು ವರ್ಷ ಅವನು ಗೋಲು ಕಾದದ್ದು ಮೂರನೇ ದರ್ಜೆ, ನಾಲ್ಕನೇ ದರ್ಜೆಯ ಲೀಗುಗಳಲ್ಲಿ, ಐದು ಊರುಗಳ ಐದು ಕ್ಲಬ್ಬುಗಳಿಗೆ. ಅಲ್ಲಿ ಪಂದ್ಯಕ್ಕೆ ಬರುವವರು ಮುನ್ನೂರು ಜನ, ಮಳೆ ಹಿಡಿದರೆ ಎಂಬತ್ತು. ಅಷ್ಟು ಜನರಲ್ಲಿ ಯಾರು ಸೀನಿದರು, ಯಾರ ಮಗು ಅತ್ತಿತು ಅನ್ನುವುದೂ ಗೋಲಿನಲ್ಲಿ ನಿಂತವನಿಗೆ ಕೇಳುತ್ತದೆ. ಬೈಗುಳವಂತೂ ಒಂದೊಂದೂ ಬಿಡಿಬಿಡಿಯಾಗಿ, ವಿಳಾಸ ಬರೆದ ಕಾಗದದ ಹಾಗೆ ನೇರವಾಗಿ ಬಂದು ಮುಟ್ಟುತ್ತದೆ.

ಅವನಿಗೆ ಆಟ ಕಲಿಸಿದ ಮೊದಲ ಕೋಚು, ಮೂರು ಬೆರಳು ಸೊಟ್ಟಗಾಗಿದ್ದ ಮುದುಕ, ಒಂದು ಮಾತನ್ನು ದಿನಾ ಹೇಳುತ್ತಿದ್ದ. "ಚೆಂಡು ಬಿಟ್ರೂ ಪರವಾಗಿಲ್ಲ ಕಣೋ, ಹಿಂದೆ ಮಾತ್ರ ತಿರುಗಿ ನೋಡಬೇಡ. ಒಂದ್ಸಲ ತಿರುಗಿದ್ಯೋ, ಮುಗೀತು ನಿನ್ನ ಕಥೆ." ಹದಿನೇಳು ವರ್ಷ ಅವನು ತಿರುಗಿರಲಿಲ್ಲ.

ಈಗಿನ ಕ್ಲಬ್ಬಿಗೆ ಬಂದು ಏಳು ವರ್ಷವಾಗಿತ್ತು. ಮೈದಾನದ ಒಂದು ಕಡೆ ಟೈರಿನ ಗೋದಾಮು, ಇನ್ನೊಂದು ಕಡೆ ರೈಲ್ವೆಯವರ ಗೋಡೆ. ಉತ್ತರದ ಗೋಲಿನ ಹಿಂದೆ ತಗಡಿನ ಚಾವಣಿ, ಅದರ ಕೆಳಗೆ ಐದು ಸಾಲು ಸಿಮೆಂಟಿನ ಮೆಟ್ಟಿಲು. ಗೋಲಿಗೂ ಮೊದಲ ಸಾಲಿಗೂ ನಡುವೆ ಇದ್ದದ್ದು ಮೂರು ಮಾರು ಜಾಗ, ಒಂದು ತುಕ್ಕು ಹಿಡಿದ ಜಾಲರಿ. ದ್ವಿತೀಯಾರ್ಧದಲ್ಲಿ ಅವನು ನಿಲ್ಲಬೇಕಾದದ್ದು ಆ ಗೋಲಿನಲ್ಲಿ. ಆ ತಗಡಿನ ಕೆಳಗೆ ಒಂದು ಬಾಯಿ ಇತ್ತು.

ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು, ಎರಡು ಸಲ. ಆಮೇಲೆ ಕ್ಯಾಕರಿಸಿ ಉಗಿಯುವುದು. ಅದಾದ ಮೇಲೆ ಮಾತು. "ಲೇ ಜರಡೀ! ಕೈಗೇನು ಎಣ್ಣೆ ಹಚ್ಕೊಂಡು ಬಂದಿದ್ಯಾ?" ಅವನಿಗೆ ಜರಡಿ ಅನ್ನುವ ಹೆಸರಿಟ್ಟದ್ದೇ ಆ ಬಾಯಿ. ಎದುರಾಳಿ ತಂಡದವನಾಗಿದ್ದರೆ ಬೇರೆ ಮಾತು. ಇದು ತನ್ನ ಕ್ಲಬ್ಬಿನದೇ ಅಭಿಮಾನಿ. ಗೆದ್ದರೂ ಬೈಗುಳ, ಸೋತರೂ ಬೈಗುಳ. ಗಾಳಿ ಈ ಕಡೆಗಿದ್ದ ಒಂದು ದಿನ ಉಗುಳು ಜಾಲರಿ ದಾಟಿ ಬಂದು ಅವನ ಕುತ್ತಿಗೆಯ ಮೇಲೆ ಬಿತ್ತು. ಬೆಚ್ಚಗಿತ್ತು. ಆಗಲೂ ಅವನು ತಿರುಗಲಿಲ್ಲ, ತೋಳಿನಿಂದ ಒರೆಸಿಕೊಂಡು ಗೋಲ್ ಕಿಕ್ ಹೊಡೆದ. ಮನೆಗೆ ಹೋಗಿ ಆ ಅಂಗಿಯನ್ನು ಮೂರು ಸಲ ಒಗೆದು, ಕೊನೆಗೆ ಕಸಕ್ಕೆ ಹಾಕಿದ.

ಅಮ್ಮ ತೀರಿಕೊಂಡದ್ದು ಒಂದು ಗುರುವಾರ. ಶನಿವಾರ ಪಂದ್ಯ. ಎರಡನೇ ಕೀಪರ್‌ನ ಮಣಿಕಟ್ಟು ಮುರಿದಿತ್ತು, ಬೇರೆ ಯಾರೂ ಇರಲಿಲ್ಲ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇಳಿದ. ರೆಫರಿ ಸೀಟಿ ಊದಿ ಒಂದು ನಿಮಿಷ ಮೌನ ಅಂದ. ಗೋದಾಮಿನವರು ಕೂಡ ಕೆಲಸ ನಿಲ್ಲಿಸಿ ಟೋಪಿ ತೆಗೆದರು. ಆ ಮೌನದಲ್ಲಿ ಎರಡು ಸಲ ಗಂಟಲಿನ ಸದ್ದು. "ಬಿಡ್ರೋ, ಮುದುಕಿ ಬಚಾವಾದ್ಲು! ಇನ್ಮೇಲೆ ಇವನ ಆಟ ನೋಡೋ ಕರ್ಮ ಇಲ್ಲ ಅವಳಿಗೆ!"

ತಗಡಿನ ಕೆಳಗೆ ಕಿಸಕ್ಕನೆ ನಗೆ. ಒಬ್ಬರದ್ದಲ್ಲ, ಹತ್ತಿಪ್ಪತ್ತು ಜನರದ್ದು. ಆ ದಿನ ನಾಲ್ಕು ಗೋಲು ಒಳಗೆ ಹೋದವು. ಅವನ ತಂಗಿಯೂ ಅಂದು ಪಂದ್ಯಕ್ಕೆ ಬಂದಿದ್ದಳು, ಆದರೆ ದಕ್ಷಿಣದ ತುದಿಯಲ್ಲಿ ಕೂತವಳಿಗೆ ಮಾತು ಬಿಡಿಸಿ ಕೇಳಿರಲಿಲ್ಲ. ಅವನೂ ಹೇಳಲಿಲ್ಲ. ಅವಳು ಆಮೇಲೆ ಮೈದಾನದ ಕಡೆ ಬರುವುದನ್ನೇ ಬಿಟ್ಟಳು. ಅಮ್ಮನ ಜೊತೆ ಕೂರುತ್ತಿದ್ದ ಜಾಗದಲ್ಲಿ ಒಬ್ಬಳೇ ಕೂರಲಾಗುವುದಿಲ್ಲ ಅನ್ನುತ್ತಿದ್ದಳು.

ಮನೆಯಲ್ಲಿ ಈಗ ಇರುವುದು ಅಣ್ಣ ತಂಗಿ ಇಬ್ಬರೇ. ಐದು ಊರು ಅಲೆಯುವುದರಲ್ಲಿ ಅವನಿಗೆ ಮದುವೆಯ ವಯಸ್ಸು ಜಾರಿಹೋಗಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಮೂವತ್ತೊಂದು ವರ್ಷ, ಮಾತು ಕಡಿಮೆ, ಒಮ್ಮೆ ನೋಡಿದ್ದನ್ನು ಮರೆಯುವವಳಲ್ಲ. ಆ ಅಂಗಡಿಗೆ ಕನ್ನಡಕ ಬದಲಿಸಲು ಬಂದ ಗಣಿತದ ಮೇಷ್ಟ್ರೊಬ್ಬರು ಆಮೇಲೆ ಫ್ರೇಮು ಸಡಿಲ ಅಂತ ಬಂದರು, ಗಾಜು ಮಸುಕು ಅಂತ ಬಂದರು, ಕೊನೆಗೆ ಕಾರಣವೇ ಇಲ್ಲದೆ ಬಂದರು.

"ಅಣ್ಣ, ಅವರ ಮನೇಲಿ ನಿನ್ನ ನೋಡ್ಬೇಕಂತೆ," ಅಂದಳು ಒಂದು ಬೆಳಿಗ್ಗೆ, ಬೆನ್ನು ಹಾಕಿಕೊಂಡೇ. "ಅವರ ತಂದೆ ಗಡಿಯಾರ ರಿಪೇರಿ ಮಾಡ್ತಾರೆ. ಫುಟ್‌ಬಾಲ್ ಅಂದ್ರೆ ಪ್ರಾಣ ಅಂತೆ. ನನ್ನಣ್ಣ ನೀನು ಅಂದ ತಕ್ಷಣ ಮುಖ ಅರಳಿತಂತೆ."

"ನನ್ನ ಹೆಸರು ಕೇಳಿ ಮುಖ ಅರಳೋರೂ ಇದ್ದಾರಾ ಈ ಊರಲ್ಲಿ?" ಅಂದ ಅವನು. ಇಬ್ಬರೂ ನಕ್ಕರು.

ಭಾನುವಾರ ಹೋದರು. ಕೆಳಗೆ ಗಡಿಯಾರದ ಅಂಗಡಿ, ಮೇಲೆ ಮನೆ. ಮೆಟ್ಟಿಲು ಗುಡಿಸಿ ಒರೆಸಿತ್ತು. ಗಡಿಯಾರದವರು ಬಾಗಿಲಲ್ಲೇ ಕಾದಿದ್ದರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಹತ್ತಿಯಂತೆ ಮೃದುವಾದ ಕೈ. "ಬನ್ನಿ, ಬನ್ನಿ. ನಿಮ್ಮ ಆಟ ಒಂದೂ ತಪ್ಪಿಸಿಲ್ಲ ನಾನು," ಅಂದರು. ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ ಕೀಪರ್ ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಮೇಷ್ಟ್ರು ನೀರು ತಂದುಕೊಟ್ಟರು, ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ತಂಗಿಯ ಕುರ್ಚಿಯನ್ನು ಒಂದಿಷ್ಟು ಸರಿಸಿದರು. ಒಳ್ಳೆಯ ಮನುಷ್ಯ ಅನಿಸಿತು. ಅವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಮ್ಮ ಇದ್ದಿದ್ದರೆ ಅಂದುಕೊಂಡ.

ಮೇಷ್ಟ್ರ ತಾಯಿಗೆ ಕಿವಿ ಮಂದ. ಒಳಗೆ ಚಹಾ ಕಾಯಿಸುತ್ತಿದ್ದರು. "ಬಿಸ್ಕತ್ತು ಮರೆತುಬಿಡ್ತಾಳೆ ನೋಡಿ," ಅಂದು ಗಡಿಯಾರದವರು ಅಡುಗೆಮನೆಯ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡರು, ಒಂದು ಸಲ, ಎರಡು ಸಲ. "ಲೇ! ಬಿಸ್ಕತ್ತೂ ತಾರೇ!"

ತಲೆಗೆ ತಿಳಿಯುವ ಮೊದಲೇ ಮೈಗೆ ತಿಳಿಯಿತು. ಕುರ್ಚಿಯಲ್ಲಿ ಕೂತಿದ್ದವನ ಮೊಣಕಾಲು ಬಿಗಿದವು, ಹೆಗಲು ಮುಂದಕ್ಕೆ ಬಂದವು, ಅಂಗೈ ಎರಡೂ ತೆರೆದುಕೊಂಡವು. ಕಾರ್ನರ್ ಕಿಕ್ ಬರುತ್ತಿದೆ ಅನ್ನುವವನ ಹಾಗೆ. ಕುತ್ತಿಗೆಯ ಹಿಂದೆ ಏನೋ ಬೆಚ್ಚಗೆ ಹರಿದಂತಾಯಿತು. ಮುಟ್ಟಿ ನೋಡಿಕೊಂಡ. ಏನೂ ಇರಲಿಲ್ಲ.

"ಕೈ ತೊಳ್ಕೋಬೇಕಿತ್ತು," ಅಂದು ಎದ್ದ. ಬಚ್ಚಲಲ್ಲಿ ನಲ್ಲಿ ಬಿಟ್ಟು, ಗೋಡೆಗೆ ಕೈ ಊರಿ ನಿಂತ. ಬಾಗಿಲ ಹಿಂದಿನ ಮೊಳೆಗೆ ಕ್ಲಬ್ಬಿನ ಕೆಂಪು ಬಿಳಿ ಶಾಲು ತೂಗುಹಾಕಿತ್ತು, ಒಗೆದು ಮಡಿಚಿ, ಸೋಪಿನ ವಾಸನೆಯ ಸಮೇತ.

ಹೊರಗೆ ಬಂದಾಗ ಗಡಿಯಾರದವರು ಕಾಯುತ್ತಿದ್ದರು. "ಕೆಳಗೆ ಅಂಗಡಿ ತೋರಿಸ್ತೀನಿ ಬನ್ನಿ, ಹೆಂಗಸರು ಮಾತಾಡ್ಕೊಳ್ಳಲಿ." ಅವನು ಹಿಂದೆ ಹೋದ. ಗಾಜಿನ ಪೆಟ್ಟಿಗೆಗಳು, ಚಿಮಟ, ಧೂಳು ಬೀಳದಂತೆ ಬಟ್ಟಲು ಕವುಚಿಟ್ಟ ಸಣ್ಣ ಸಣ್ಣ ಚಕ್ರಗಳು. ಗೋಡೆಯ ತುಂಬ ಗಡಿಯಾರ.

"ಉತ್ತರದ ಗೋಲಿನ ಹಿಂದೆ ಕೂರೋದು ನೀವಾ?" ಕೇಳಿದ.

ಮುದುಕರ ಮುಖ ಇಳಿಯುತ್ತದೆ ಅಂದುಕೊಂಡಿದ್ದ. ಬೆಳಗಿತು. ಕೈ ಹಿಡಿದುಕೊಂಡರು. "ಕೇಳಿಸ್ತಿತ್ತಾ? ಏಳು ವರ್ಷನೂ ಕೇಳಿಸ್ತಿತ್ತಾ? ಅಯ್ಯೋ ದೇವರೇ! ಎಮ್ಮೆ ಮೇಲೆ ಮಳೆ ಸುರಿದ ಹಾಗೆ ನಿಂತಿರ್ತಿದ್ರಲ್ಲ. ಇವನಿಗೆ ಕಿವಿಯೇ ಇಲ್ಲ ಕಣ್ರೋ ಅಂತ ನಾನು ಎಲ್ಲರ ಹತ್ರ ಹೇಳ್ತಿದ್ದೆ."

"ಕೇಳಿಸ್ತಿತ್ತು."

"ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ಬಾಯಿ ಬಿಡದ ದಿನ ನೀವು ಚೆನ್ನಾಗಿ ಆಡಿದ್ದೇ ಇಲ್ಲ. ಹೋದ ವರ್ಷ ಆ ಪೆನಾಲ್ಟಿ ಹಿಡಿದ್ರಲ್ಲ? ಅದಕ್ಕೆ ಮುಂಚೆ ನಾನು ಏನಂದೆ ನೆನಪಿದೆಯಾ?" ನೆನಪಿತ್ತು. "ಅದು ನಿಮಗೆ ನಾಟಿತು ನೋಡಿ, ಹಾರಿಬಿಟ್ರಿ!"

"ನಮ್ಮಮ್ಮ ಹೋದಾಗ ಏನಂದ್ರಿ, ನೆನಪಿದೆಯಾ?"

ಮುದುಕರು ನಿಜವಾಗಿಯೂ ಯೋಚಿಸಿದರು. ಚಿಮಟವನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದರು. "ಏನೋ ಅಂದಿರ್ಬೇಕು. ಮಾತು ನೆನಪಿಲ್ಲ. ಎಲ್ಲರೂ ನಕ್ಕಿದ್ದು ನೆನಪಿದೆ." ಆಮೇಲೆ ದನಿ ಇನ್ನೂ ತಗ್ಗಿಸಿ, "ಮನೇಲಿ ನಾನು ಒಂದು ದಿನ ಯಾರಿಗೂ ಜೋರು ಮಾಡಿದವನಲ್ಲ. ಮಗನ್ನ ಕೇಳಿ ಬೇಕಾದ್ರೆ. ದಿನಾ ಹತ್ತು ಗಂಟೆ ಕೂತು ಕೂದಲೆಳೆ ಅಷ್ಟು ಸಣ್ಣ ಕೆಲಸ, ಗಿರಾಕಿಗಳ ಕಾಟ, ಎಲ್ಲ ನುಂಗ್ಕೊಂಡು ಇರ್ತೀನಿ. ವಾರಕ್ಕೊಂದ್ಸಲ ಅಲ್ಲಿ ಕಳೆದು ಬರ್ತೀನಿ. ಪ್ರತಿ ಮನೆಗೂ ಒಂದು ಮೋರಿ ಬೇಕಲ್ವಾ?" ಅಂದರು. ಎಷ್ಟು ಸಹಜವಾಗಿ ಅಂದರೆಂದರೆ, ಕೇಳಿಸಿಕೊಂಡವನು ತಲೆಯಾಡಿಸಿಬಿಟ್ಟ.

ಆ ತಲೆಯಾಡಿಸಿದ್ದನ್ನು ನೋಡಿ ಅವರಿಗೆ ಸಲಿಗೆ ಹೆಚ್ಚಾಯಿತು. "ನೀವೇನು ಕಡಿಮೇನಾ? ಆ ಎಡಗಡೆ ಡಿಫೆಂಡರ್ ಇದ್ದಾನಲ್ಲ, ಗಡ್ಡದವನು, ಅವನಿಗೆ ಬೈತೀರಲ್ಲ ನೀವು! ಕತ್ತೆ ಕಾಲು, ಹುಟ್ಟು ಕುರುಡ... ನಿಜ ಹೇಳ್ತೀನಿ, ಅರ್ಧ ಮಾತು ನಾನು ನಿಮ್ಮಿಂದಾನೇ ಕಲ್ತಿದ್ದು."

ಅಷ್ಟು ಹೇಳಿ ಬೀರು ತೆಗೆದರು. ಒಳಗೆ, ಗಾಜಿನ ಪೆಟ್ಟಿಗೆಯಲ್ಲಿ, ಹರಿದ ಗ್ಲೌಸೊಂದು ಇತ್ತು. ಮೂರು ವರ್ಷದ ಹಿಂದೆ ಅವನೇ ಮೈದಾನದ ಕಸದ ಡಬ್ಬಿಗೆ ಎಸೆದದ್ದು. ಹಳೇ ಬೆವರು ಮುಗ್ಗಲು ಹಿಡಿದ ವಾಸನೆ ಪೆಟ್ಟಿಗೆ ತೆಗೆದ ಕೂಡಲೇ ಮೂಗಿಗೆ ಬಡಿಯಿತು. "ಇದರ ಮೇಲೊಂದು ಸಹಿ ಹಾಕ್ಕೊಡಿ. ನಾಳೆ ಮೊಮ್ಮಕ್ಕಳಿಗೆ ತೋರಿಸ್ಬೇಕು."

ಪೆನ್ನು ಕೈಗೆ ಬಂತು. ಹದಿನೇಳು ವರ್ಷದ ಅಭ್ಯಾಸ. ಪೆನ್ನು ಕೊಟ್ಟರೆ ಕೈ ಸಹಿ ಹಾಕುತ್ತದೆ. 'ಪ್ರೀತಿಯಿಂದ' ಅಂತಲೂ ಬರೆದ. ಬರೆದ ಮೇಲೆ ತನ್ನ ಕೈಯನ್ನೇ ನೋಡಿಕೊಂಡ. ಅಷ್ಟು ಹೇಸಿಗೆ ಅವನಿಗೆ ಆ ಉಗುಳು ಬಿದ್ದ ದಿನವೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲ ಹೇಳಿದ. ಸಹಿ ಹಾಕಿದ್ದೊಂದನ್ನು ಬಿಟ್ಟು. ತಂಗಿ ಚಪ್ಪಲಿಯನ್ನೂ ಬಿಚ್ಚದೆ ನಿಂತು ಕೇಳಿದಳು.

"ಅಮ್ಮನಿಗೆ ಹಾಗಂದ್ರಾ?"

"ಅಂದ್ರು."

"ಏಳು ವರ್ಷ ನನಗೆ ಯಾಕೆ ಹೇಳಲಿಲ್ಲ ನೀನು?"

"ಹೇಳಿ ಏನು ಮಾಡ್ಲಿ?"

ಅವಳಿಗೆ ಸಿಟ್ಟು ಬಂತು, ಅಣ್ಣನ ಮೇಲೇ. "ಎಲ್ಲ ಮುಗಿದು ಒಪ್ಪಿಗೆ ಹೇಳೋ ದಿನ ಹೇಳ್ತೀಯಲ್ಲ, ನಿನಗೆ ಬುದ್ಧಿ ಇದೆಯಾ? ಮೇಷ್ಟ್ರು ಹಾಗಲ್ಲ. ನಾನು ಮದುವೆ ಆಗ್ತಿರೋದು ಅವರನ್ನ, ಅವರಪ್ಪನ್ನಲ್ಲ." ಚಪ್ಪಲಿ ಬಿಚ್ಚಿ ಮೂಲೆಗೆ ಒಗೆದು, "ಶನಿವಾರ ಬರ್ತೀನಿ. ನಾನೇ ನೋಡ್ತೀನಿ. ಯಾರಿಗೂ ಹೇಳಬೇಡ," ಅಂದಳು.

ಶನಿವಾರ ದ್ವಿತೀಯಾರ್ಧ ಶುರುವಾದಾಗ ಇನ್ನೂ ಗೋಲಾಗಿರಲಿಲ್ಲ. ಅವನು ಉತ್ತರದ ಗೋಲಿಗೆ ಬಂದು ನಿಂತ. ಬಾಯಿ ಕಾದೇ ಇತ್ತು. ಕೇಳಿಸುತ್ತದೆ ಅಂತ ಗೊತ್ತಾದ ಮೇಲೆ ಅದಕ್ಕೆ ಹೊಸ ಹುರುಪು ಬಂದಿತ್ತು. "ಲೇ ಜರಡೀ! ಮೊನ್ನೆ ಬಿಸ್ಕತ್ತು ತಿಂದ್ಯಲ್ಲ, ಅದನ್ನಾದ್ರೂ ಸರಿಯಾಗಿ ಹಿಡ್ಕೊಂಡ್ಯಾ, ಅದೂ ಬೀಳಿಸಿದ್ಯಾ?" ತಗಡಿನ ಕೆಳಗೆ ಎಲ್ಲರೂ ನಕ್ಕರು. ಮುದುಕರು ಈ ಸಂಬಂಧದ ಗುಟ್ಟನ್ನು ಎಲ್ಲರಿಗೂ ಹಂಚಿದ್ದರೆಂದು ಕಾಣುತ್ತದೆ. ಬೈಗುಳದಲ್ಲಿ ಈಗ ನೆಂಟಸ್ತಿಕೆ ಬೆರೆತಿತ್ತು. ಅದು ಹಳೆಯ ಬೈಗುಳಕ್ಕಿಂತ ಹೊಲಸಾಗಿತ್ತು. "ಅಮ್ಮನ ಸೆರಗಿಗೆ ಕಟ್ಕೊಂಡಿದ್ದೋನು, ಈಗ ತಂಗಿ ಸೆರಗೂ ಹೋಗುತ್ತೆ ಕಣೋ!"

ಕೀಪರ್ ತಿರುಗಿದ.

ಎದುರಾಳಿಗಳು ಮೈದಾನದ ನಡುವೆ ಚೆಂಡು ಕಸಿದುಕೊಳ್ಳುತ್ತಿದ್ದರು. ಅವನು ಅದಕ್ಕೆ ಬೆನ್ನು ಹಾಕಿ, ಬಲೆಯ ಕಣ್ಣುಗಳ ಮೂಲಕ, ಜಾಲರಿಯ ಮೂಲಕ ನೋಡಿದ. ಎರಡನೇ ಸಾಲಿನಲ್ಲಿ ಮುದುಕರು ನಿಂತಿದ್ದರು. ಇಸ್ತ್ರಿ ಅಂಗಿ, ಶಾಲು. ತೆರೆದ ಬಾಯಿ, ಗಲ್ಲದ ಮೇಲೆ ಜೊಲ್ಲು, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿದ್ದವು. ಅವರ ಪಕ್ಕದಲ್ಲಿ ಮೇಷ್ಟ್ರು ಕೂತಿದ್ದರು. ಮೇಷ್ಟ್ರು ಕೂಗುತ್ತಿರಲಿಲ್ಲ. ತೊಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು, ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ, ಊದಿ ಆರಿಸಿ, ಅಪ್ಪನಿಗೆ ಕೊಡುತ್ತಿದ್ದರು. ಮುದುಕರು ಒಂದು ಗುಟುಕು ಕುಡಿದು ಗಂಟಲು ನೆನೆಸಿಕೊಂಡು ಮತ್ತೆ ಬಾಯಿ ತೆರೆದರು. ಮೇಷ್ಟ್ರು ಮುಚ್ಚಳ ವಾಪಸು ತೆಗೆದುಕೊಂಡು ಅಪ್ಪನ ಗಲ್ಲವನ್ನು ಕರವಸ್ತ್ರದಿಂದ ಒರೆಸಿದರು. ಬಹಳ ಪ್ರೀತಿಯಿಂದ, ಬಹಳ ಅಭ್ಯಾಸದಿಂದ.

ಅವರಿಗಿಂತ ಮೂರು ಸಾಲು ಮೇಲೆ, ಕಂಬದ ಮರೆಯಲ್ಲಿ, ತಂಗಿ ನಿಂತಿದ್ದಳು. ಅವಳು ಅಣ್ಣನನ್ನು ನೋಡುತ್ತಿರಲಿಲ್ಲ. ಫ್ಲಾಸ್ಕನ್ನು ನೋಡುತ್ತಿದ್ದಳು.

"ಹಿಂದೆ! ಹಿಂದೆ ನೋಡಿ!" ಎಡಗಡೆಯ ಗಡ್ಡದವನು ಅರಚಿದ. ತಿರುಗುವಷ್ಟರಲ್ಲಿ ಚೆಂಡು ಅವನ ಸೊಂಟದ ಪಕ್ಕದಿಂದ ಹಾದು ಬಲೆಯನ್ನು ಉಬ್ಬಿಸಿತ್ತು. ತಗಡಿನ ಕೆಳಗಿನಿಂದ ಎದ್ದ ಗದ್ದಲ ದೊಡ್ಡ ಕ್ರೀಡಾಂಗಣದ್ದಕ್ಕೆ ಸಮನಾಗಿತ್ತು.

ಒಂದು ಗೋಲಿನಿಂದ ಸೋತರು. ಪಂದ್ಯ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಗಡ್ಡದವನ ಪಕ್ಕ ಹೋಗಿ ಕೂತ. "ನಾನು ನಿನಗೆ ಬೈತೀನಲ್ಲ, ಅದು..."

"ಬಿಡಿ ಸಾರ್. ನಾನು ಅದನ್ನೆಲ್ಲ ಕೇಳಿಸ್ಕೊಳ್ಳೋದೇ ಇಲ್ಲ," ಅಂದ ಗಡ್ಡದವನು, ಬೂಟಿನ ದಾರ ಬಿಚ್ಚುತ್ತಾ, ತಲೆ ಎತ್ತದೆ. ಆ ಸುಳ್ಳು ಎಲ್ಲಿ ತಯಾರಾಗುತ್ತದೆಂದು ಕೀಪರ್‌ಗೆ ಚೆನ್ನಾಗಿ ಗೊತ್ತಿತ್ತು. ಕ್ಷಮಿಸು ಅನ್ನಬೇಕೆಂದಿದ್ದವನು ಎದ್ದು ತನ್ನ ಗ್ಲೌಸು ಬಿಚ್ಚತೊಡಗಿದ.

ಮನೆಯಲ್ಲಿ ತಂಗಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಕೂತಿದ್ದಳು. ಅವಳೇ ಹೇಳಿದಳು.

"ಮೇಷ್ಟ್ರಿಗೆ ಬೇಡ ಅಂತ ಹೇಳಿ ಬಂದೆ. ಅವರಿಗೆ ಅರ್ಥನೇ ಆಗಲಿಲ್ಲ ಅಣ್ಣ. ನಾನೇನು ಬೈದೆನಾ ಅಂತ ಕೇಳಿದ್ರು. ಬೈಯೋರನ್ನ ಹೇಗೋ ಸಹಿಸ್ಕೋಬಹುದು. ಪಕ್ಕದಲ್ಲಿ ಕೂತು ಬಿಸಿನೀರು ಆರಿಸಿ ಕೊಡೋರ ಜೊತೆ ಬಾಳೋಕಾಗಲ್ಲ." ಆಮೇಲೆ ಅತ್ತಳು. ಆ ಮನುಷ್ಯನನ್ನು ಅವಳು ಬಹಳವೇ ಮೆಚ್ಚಿಕೊಂಡಿದ್ದಳು.

ಬುಧವಾರ ಅಭ್ಯಾಸದ ಹೊತ್ತಿಗೆ ಗಡಿಯಾರದವರು ಮೈದಾನದ ಗೇಟಿಗೆ ಬಂದರು. ಕಣ್ಣು ಕೆಂಪಾಗಿತ್ತು. "ನನ್ನ ಮಗ ಮೂರು ದಿನದಿಂದ ಊಟ ಮಾಡ್ತಿಲ್ಲ. ಅದು ಬೇರೆ, ಇದು ಬೇರೆ ಅಲ್ವಾ? ನೀವು ಒಂದು ಮಾತು ಹೇಳಿದ್ರೆ ತಂಗಿ ಕೇಳ್ತಾರೆ. ಇನ್ಮೇಲೆ ನಾನು ಬಾಯಿ ಬಿಡಲ್ಲ, ಆಣೆ." ಅವನ ತೋಳು ಹಿಡಿದುಕೊಂಡರು. ಆ ಮೃದುವಾದ ಬೆರಳುಗಳು ಚರ್ಮಕ್ಕೆ ತಾಕಿದ ಕೂಡಲೇ ಅವನ ಮೈ ಮುಳ್ಳೆದ್ದಿತು.

"ಕೈ ಬಿಡಿ," ಅಂದ. "ಅವಳ ಬದುಕು, ಅವಳ ಮಾತು. ನಾನು ಹೇಳಲ್ಲ."

"ನಾನು ಅಷ್ಟು ಕೆಟ್ಟವನಾ?"

"ನೀವು ಅವತ್ತು ಮೋರಿ ಅಂದ್ರಲ್ಲ, ಅದರೊಳಗೆ ನಿಂತಿದ್ದೋನು ನಾನು. ನನ್ನನ್ನ ಯಾಕೆ ಕೇಳ್ತೀರಿ?"

ಮುದುಕರು ಆಣೆ ಉಳಿಸಿಕೊಂಡರು. ಮುಂದಿನ ಪಂದ್ಯದಲ್ಲಿ ಉತ್ತರದ ಗೋಲಿನ ಹಿಂದೆ ಸದ್ದಿರಲಿಲ್ಲ. ಕೀಪರ್ ನಿಂತ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಚೆಂಡು ಆ ಕಡೆಯೇ ಇತ್ತು. ತನ್ನ ಕಿವಿ ಬೆನ್ನ ಹಿಂದಕ್ಕೆ ಚಾಚಿಕೊಂಡಿರುವುದು ಆಗ ಅವನ ಗಮನಕ್ಕೆ ಬಂತು. ನಾಯಿ ಊಟದ ತಟ್ಟೆಯ ಸದ್ದಿಗೆ ಕಾಯುವ ಹಾಗೆ ಅವನು ಆ ಗಂಟಲಿನ ಸದ್ದಿಗೆ ಕಾಯುತ್ತಿದ್ದ. ಸದ್ದು ಬರಲಿಲ್ಲ. ಕೈಕಾಲು ಸೋಮಾರಿಯಾದವು. ಸುಲಭದ ಚೆಂಡೊಂದು ಬಂದು ಬೆರಳ ಸಂದಿಯಿಂದ ಜಾರಿ ಒಳಗೆ ಉರುಳಿತು. ಗಡಿಯಾರದವರು ಹೇಳಿದ್ದು ನಿಜವಾಗಿತ್ತು. ಏಳು ವರ್ಷ ಆ ಕೊಳಕನ್ನು ಕುಡಿದೇ ತಾನು ಹಾರಿದ್ದು ಅನ್ನುವುದು ತಿಳಿದಾಗ ಅವನಿಗೆ ಅಲ್ಲೇ, ಗೋಲಿನ ಕಂಬ ಹಿಡಿದು, ವಾಂತಿಯಾಯಿತು. ಡಾಕ್ಟರು ಓಡಿಬಂದು ಬಿಸಿಲಿನ ಹೊಡೆತ ಅಂದರು.

ಅಂದೇ ಮ್ಯಾನೇಜರಿಗೆ ಹೇಳಿದ, ಈ ಸೀಸನ್ ಮುಗಿದರೆ ಸಾಕು ಅಂತ. ಉಳಿದ ಐದು ಪಂದ್ಯ ಹಲ್ಲು ಕಚ್ಚಿ ಆಡಿದ. ಎಡಗಡೆಯವನಿಗೆ "ಬಲಕ್ಕೆ ಬಾ", "ಮುಂದೆ ಹೋಗು" ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಗಡ್ಡದವನು ಮೊದಮೊದಲು ಹುಷಾರಿಲ್ಲವಾ ಅಂತ ಕೇಳಿದ, ಆಮೇಲೆ ಅಭ್ಯಾಸವಾಯಿತು.

ಕೊನೆಯ ಪಂದ್ಯದ ದಿನ ಕ್ಲಬ್ಬಿನವರು ಮೈದಾನದಲ್ಲೇ ಸಣ್ಣ ವೇದಿಕೆ ಕಟ್ಟಿ, ಮೇಜು ಹಾಕಿ, ಮೈಕು ಇಟ್ಟು, ಬೀಳ್ಕೊಡುಗೆ ಮಾಡಿದರು. ನೆನಪಿನ ಕಾಣಿಕೆ ಕೊಡಲು ನಮ್ಮ ಅತ್ಯಂತ ಹಳೆಯ ಅಭಿಮಾನಿಯನ್ನು ಕರೆಯುತ್ತಿದ್ದೇವೆ ಅಂದರು ಕಾರ್ಯದರ್ಶಿ. ಗಡಿಯಾರದವರು ಶಾಲು ಹೊದ್ದು, ಮಗನ ಕೈ ಹಿಡಿದು ಮೇಲೆ ಬಂದರು. ಮುನ್ನೂರು ಜನ ಚಪ್ಪಾಳೆ ತಟ್ಟಿದರು.

ಕೀಪರ್ ಕಾಣಿಕೆ ಮುಟ್ಟಲಿಲ್ಲ. ಮೈಕು ತೆಗೆದು ಅವರ ಬಾಯಿಯ ಮುಂದೆ ಹಿಡಿದ. "ಏಳು ವರ್ಷ ನನ್ನ ಬೆನ್ನಿಗೆ ಏನು ಹೇಳಿದ್ರೋ, ಅದನ್ನೇ ಇಲ್ಲಿ ಒಂದ್ಸಲ ಹೇಳಿ. ಮುಖ ನೋಡಿ ಹೇಳಿ. ಎಲ್ಲರೂ ಕೇಳಲಿ."

ಮುದುಕರು ಅವನ ಮುಖ ನೋಡಿದರು. ಕಣ್ಣಲ್ಲಿ ನಿಜವಾದ ನೀರು ತುಂಬಿತು. "ಇವರು," ಅಂದರು, ಬೆಲ್ಲದಂಥ ಮೆಲ್ಲನೆಯ ದನಿಯಲ್ಲಿ, "ಇವರು ನಮ್ಮೆಲ್ಲರ ಹೆಮ್ಮೆ. ನಮ್ಮ ಮನೆ ಮಗ ಇದ್ದ ಹಾಗೆ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣು ಒರೆಸಿಕೊಂಡರು. ಅಂದು ಮೌನದಲ್ಲಿ ನಕ್ಕ ಹತ್ತಿಪ್ಪತ್ತು ಜನರೂ ಅವರಲ್ಲಿ ಇದ್ದಿರಬೇಕು. ಅವನು ಮೈಕನ್ನು ಮೇಜಿನ ಮೇಲಿಟ್ಟು ಕೆಳಗಿಳಿದ. ಯಾರೋ ಬೆನ್ನು ತಟ್ಟಿದರು, ಯಾರೋ ಫೋಟೋ ಅಂದರು. ನಿಲ್ಲಲಿಲ್ಲ.

ಗೇಟಿನ ಹೊರಗೆ ತಂಗಿ ಸ್ಕೂಟರ್ ಹಿಡಿದು ನಿಂತಿದ್ದಳು. "ಏನಂದ್ರು?" ಕೇಳಿದಳು.

"ಹೊಗಳಿದ್ರು."

"ಥೂ," ಅಂದಳು ಅವಳು, ಮತ್ತು ಸ್ಕೂಟರ್ ಶುರುಮಾಡಿದಳು.